ಕಂಪ್ಯೂಟರ್ ಕೆಟ್ಟಿಲ್ಲ, ಗುಜರಿಗೆ ಯಾಕೆ ಹಾಕಬೇಕು?

ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲಿಗೇ ಹೋಗಿ, ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸೈಬರ್ ಅಂಗಡಿ ಇದ್ದೇ ಇರುತ್ತದೆ. ಪಹಣಿಗೆ, ಜಾತಿ-ಆದಾಯ ಪ್ರಮಾಣಪತ್ರಕ್ಕೆ, ಮಕ್ಕಳ ಸ್ಕಾಲರ್‌ಶಿಪ್‌ಗೆ ನಾವು ಹೋಗುವುದು ಅಲ್ಲಿಗೇ. ಆಧಾರ್ ಕಾರ್ಡ್ ಕೊಡುತ್ತೇವೆ, ಪಾಸ್‌ಬುಕ್ ಕೊಡುತ್ತೇವೆ, ಮೊಬೈಲಿಗೆ ಬಂದ ಓಟಿಪಿಯನ್ನೂ ಜೋರಾಗಿ ಓದಿ ಹೇಳುತ್ತೇವೆ. ಆ ಕಂಪ್ಯೂಟರ್ ಎಷ್ಟು ಭದ್ರ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಈಗ ಕೇಳಲೇಬೇಕು. ವಿಂಡೋಸ್ 10ಕ್ಕೆ ಎಲ್ಲರಿಗೂ ಉಚಿತವಾಗಿ ಕೊಡುತ್ತಿದ್ದ ಭದ್ರತಾ ಅಪ್‌ಡೇಟನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಅಪ್‌ಡೇಟ್ ಅಂದರೆ ಸುಣ್ಣಬಣ್ಣ ಹೊಡೆಯುವುದಲ್ಲ, ಕಳ್ಳ ನುಗ್ಗುವ ಕಿಂಡಿ ಮುಚ್ಚುವುದು. ವಿಂಡೋಸ್ 11 ಹಾಕಿಕೊಳ್ಳಿ ಅನ್ನುತ್ತದೆ ಕಂಪನಿ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಹೊಸ ಪ್ರೊಸೆಸರ್ ಬೇಕು. ಇವಿಲ್ಲದ ಮಷಿನ್ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಅವರ ಲೆಕ್ಕದಲ್ಲಿ ಗುಜರಿ.

ಅಪ್‌ಡೇಟ್ ಮುಂದುವರಿಸುವ ದಾರಿ ಇದೆ, ಆದರೆ ಅದಕ್ಕೆ ಬೆಲೆ ಇದೆ. ಮನೆಬಳಕೆಯ ಕಂಪ್ಯೂಟರಿಗೆ ಇನ್ನೊಂದು ವರ್ಷಕ್ಕೆ 30 ಡಾಲರ್, ಇಲ್ಲವೇ ಸೆಟ್ಟಿಂಗ್ಸನ್ನು ಕಂಪನಿಯ ಕ್ಲೌಡಿಗೆ ಬ್ಯಾಕಪ್ ಮಾಡಬೇಕು ಎಂದಿತು. ವ್ಯವಹಾರದವರಿಗೆ ಮೊದಲ ವರ್ಷ ಒಂದು ಕಂಪ್ಯೂಟರಿಗೆ 61 ಡಾಲರ್, ಅಂದರೆ ಐದು ಸಾವಿರ ರೂಪಾಯಿಗೂ ಮೇಲೆ. ಆಮೇಲೆ ವರ್ಷ ವರ್ಷಕ್ಕೂ ದುಪ್ಪಟ್ಟು. ಯುರೋಪಿನ ಗ್ರಾಹಕ ಸಂಘಟನೆಗಳು ಗಲಾಟೆ ಮಾಡಿದವು; ಅಲ್ಲಿನ ಮನೆಬಳಕೆಯವರಿಗೆ ದುಡ್ಡೂ ಬೇಡ, ಬ್ಯಾಕಪ್ಪೂ ಬೇಡ ಎಂದಿತು ಕಂಪನಿ. ನಮ್ಮ ಕಡೆ ಗಲಾಟೆ ಮಾಡುವವರೇ ಇರಲಿಲ್ಲ.

ಹಳೆಯದನ್ನು ಎಷ್ಟು ವರ್ಷ ಸಾಕುವುದು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ದುಡ್ಡು ಕೊಟ್ಟವರಿಗಾಗಿ ಆ ಮದ್ದು ಹೇಗೂ ತಯಾರಾಗುತ್ತಿದೆ. 2017ರ ಮೇನಲ್ಲಿ ವನ್ನಾಕ್ರೈ ವೈರಸ್ ಜಗತ್ತಿಗೆಲ್ಲ ಹಬ್ಬಿ ಬ್ರಿಟನ್ನಿನ ಆಸ್ಪತ್ರೆಗಳೇ ತತ್ತರಿಸಿದಾಗ, 2014ರಲ್ಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಇದೇ ಕಂಪನಿ ಎಲ್ಲರಿಗೂ ಉಚಿತ ಅಪ್‌ಡೇಟ್ ಕೊಟ್ಟಿತು. ಊರು ಹತ್ತಿ ಉರಿದ ಮೇಲೆ ಕೊಡುವ ನೀರನ್ನು ಮೊದಲೇ ಕೊಟ್ಟರೆ ನಷ್ಟವೇನು?

ಲಿನಕ್ಸ್ ಹಾಕಿಕೊಳ್ಳಿ, ಅದು ಉಚಿತ ಅನ್ನುವವರೂ ಇದ್ದಾರೆ. ನಿಜ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸೇ ನಡೆಯುತ್ತಿದೆ. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳು ಕಲಿಯುವುದೂ ಅದರಲ್ಲೇ. ಆದರೆ ಅಲ್ಲಿ ಸರ್ಕಾರವೇ ಮುಂದೆ ನಿಂತು ಮಾಡಿಸಿತು. ಇಲ್ಲಿ ಅಂಗಡಿಯವನ ಹಳೇ ಫೈಲುಗಳೆಲ್ಲ ನುಡಿಯಲ್ಲಿವೆ, ಬೆರಳಚ್ಚಿನ ಯಂತ್ರವನ್ನು ಕೊಂಡದ್ದು ವಿಂಡೋಸ್ ನಂಬಿ. ಅವನೊಬ್ಬನೇ ಏನು ಮಾಡಿಯಾನು?

ಹಾಗಾಗಿ ಹೊಣೆ ಸರ್ಕಾರದ್ದೂ ಹೌದು. ಭೂಮಿ ಯೋಜನೆ ತಂದು, ಕೈಬರಹದ ಪಹಣಿ ನಡೆಯುವುದಿಲ್ಲ ಎಂದವರು ಯಾರು? ಎಲ್ಲಕ್ಕೂ ಆನ್‌ಲೈನ್ ಅರ್ಜಿ ಕಡ್ಡಾಯ ಮಾಡಿದವರು ಯಾರು? ರೈತನನ್ನು ಕಂಪ್ಯೂಟರ್ ಮುಂದೆ ನಿಲ್ಲಿಸಿದವರೇ ಆ ಕಂಪ್ಯೂಟರಿನ ಭದ್ರತೆಯನ್ನೂ ನೋಡಬೇಕು. ಯುರೋಪಿಗೆ ಕೊಟ್ಟದ್ದು ನಮಗೂ ಬೇಕು ಎಂದು ಕಂಪನಿಯನ್ನು ಕೇಳಲಿ; ಗ್ರಾಮ ಒನ್ ಕೇಂದ್ರಗಳ, ಸರ್ಕಾರಿ ಶಾಲೆಗಳ ಅಪ್‌ಡೇಟ್ ಖರ್ಚು ತಾನೇ ಹೊರಲಿ; ತನ್ನ ವೆಬ್‌ಸೈಟು, ಬೆರಳಚ್ಚಿನ ಯಂತ್ರ ಎಲ್ಲವೂ ಲಿನಕ್ಸಿನಲ್ಲೂ ನಡೆಯುವಂತೆ ಮಾಡಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಇಷ್ಟು. ಮುಂದಿನ ಸಲ ಆಧಾರ್ ಕೊಡುವ ಮೊದಲು, "ಅಣ್ಣಾ, ಈ ಕಂಪ್ಯೂಟರಿಗೆ ಅಪ್‌ಡೇಟ್ ಬರ್ತಾ ಇದ್ಯಾ?" ಅಂತ ಕೇಳಿ. ಹತ್ತು ಜನ ಕೇಳಿದರೆ ಅಂಗಡಿಯವನು ಮೇಲಿನವರನ್ನು ಕೇಳುತ್ತಾನೆ.