ಕಕ್ಕಡದ ತೇವವೂ ಹಳೆಯ ಟಿ.ವಿ.ಯ ಧೂಳೂ

ಕಕ್ಕಡ ಮಾಸದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಕೊಡಗಿನ ಮನೆಗಳಲ್ಲಿ ಒಣಗಿದುದೆಂದು ಹೇಳಬಹುದಾದ ವಸ್ತು ಒಲೆಯ ಮೇಲಣ ಅಟ್ಟದಲ್ಲಿ ದೊರೆತೀತೇ ಹೊರತು ಬೇರೆಲ್ಲಿಯೂ ದೊರೆಯದು. ಗೋಡೆ ಬೆವರುತ್ತದೆ, ಪುಸ್ತಕದ ರಟ್ಟು ಉಬ್ಬುತ್ತದೆ, ಪೆಟ್ಟಿಗೆಯೊಳಗಣ ರೇಷ್ಮೆಗೂ ಬೂಷ್ಟು ಹಿಡಿಯುತ್ತದೆ. ಇಂಥ ದಿನಗಳಲ್ಲಿ, ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಪಿಕ್ಚರ್ ಟ್ಯೂಬಿನ ಹಳೆಯ ಟಿ.ವಿ.ಯ ಸ್ವಿಚ್ಚನ್ನು ಒತ್ತಿದವರಿಗೆ, ಚಿತ್ರ ಮೂಡುವುದಕ್ಕೆ ಮೊದಲೇ ಹಿಂಬದಿಯಿಂದ ಚಿಟಿಚಿಟಿಯೆಂಬ ಸದ್ದೂ ಮೂಗಿಗೆ ಚುಚ್ಚುವಂಥ ಕಟುವಾಸನೆಯೂ ಬರುವುದುಂಟು. ಅದನ್ನು ಕೇಳಿದೊಡನೆ ಸೆಟ್ಟಿನ ಆಯುಸ್ಸು ತೀರಿತೆಂದು ಬಗೆದು ಬಹುಮಂದಿ ಅದನ್ನು ಗುಜರಿಗೆ ಸಾಗಿಸಿಬಿಡುತ್ತಾರೆ. ಅನೇಕ ಸಂದರ್ಭಗಳಲ್ಲಿ ಅದು ಮುಪ್ಪಿನ ಲಕ್ಷಣವಲ್ಲ, ಕೊಳೆಯ ಲಕ್ಷಣ, ಕೊಳೆಯನ್ನು ಕಳೆಯಬಹುದು, ಆದರೆ ಅರಿಯದ ಕೈಯಿಂದಲೂ ಕೂಡದು, ಮಳೆಗಾಲದಲ್ಲಿಯೂ ಕೂಡದು. ಇಷ್ಟೇ ನಾನು ಇಲ್ಲಿ ನಿವೇದಿಸಬೇಕೆಂದಿರುವ ಸಂಗತಿ.

ಈ ಪೆಟ್ಟಿಗೆಗಳು ನಮ್ಮ ಮನೆಗಳಿಗೆ ಬಂದ ಬಗೆಯನ್ನು ನೆನೆದರೆ ಅವನ್ನು ಎಸೆಯಲು ಮನಸ್ಸು ಬಾರದು. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಆರಂಭವಾಯಿತು. 1982ರ ಆಗಸ್ಟ್ 15ರಂದು ದೇಶದಲ್ಲಿ ಬಣ್ಣದ ಪ್ರಸಾರ ಮೊದಲಾಯಿತು. 1987ರ ಜನವರಿ 25ರಂದು ‘ರಾಮಾಯಣ’ ತೊಡಗಿದ ಮೇಲಂತೂ, ಬೆಟ್ಟಗಳ ಮರೆಯಲ್ಲಿದ್ದ ನಮ್ಮ ಊರುಗಳಲ್ಲಿ ಬಿದಿರ ಗಳುವಿನ ತುದಿಗೆ ಆಂಟೆನಾ ಕಟ್ಟಿ, ಒಬ್ಬನು ಹೊರಗೆ ನಿಂತು ಅದನ್ನು ತಿರುಗಿಸುತ್ತಲೂ ಇನ್ನೊಬ್ಬನು ಒಳಗಿನಿಂದ ‘ಬಂತು, ಹೋಯಿತು’ ಎಂದು ಕೂಗುತ್ತಲೂ ಇದ್ದ ದೃಶ್ಯವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಡಯನೋರಾ, ಸಾಲಿಡೇರ್, ಒನಿಡಾ, ಬಿ.ಪಿ.ಎಲ್. ಎಂಬ ಹೆಸರುಗಳು ಅಂದು ಮನೆಯವರ ಹೆಸರುಗಳಷ್ಟೇ ಪರಿಚಿತವಾಗಿದ್ದವು.

ಕೊಳೆ ಈ ಪೆಟ್ಟಿಗೆಯೊಳಗೆ ಸೇರುವುದಕ್ಕೆ ಕಾರಣವೂ ಯಂತ್ರದ ಸ್ವಭಾವದಲ್ಲಿಯೇ ಇದೆ. ಬಣ್ಣದ ಪಿಕ್ಚರ್ ಟ್ಯೂಬಿಗೆ ಸುಮಾರು 25,000 ವೋಲ್ಟಿನಷ್ಟು ವಿದ್ಯುತ್ತನ್ನು, ನಮ್ಮ ಮೆಕ್ಯಾನಿಕ್ಕುಗಳು ಎಲ್.ಓ.ಟಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರು ಒದಗಿಸುತ್ತದೆ. ತಲೆ ಬಾಚಿದ ಹಣಿಗೆಯು ಕಾಗದದ ಚೂರನ್ನು ಸೆಳೆಯುವಂತೆ ಈ ಭಾಗವು ಗಾಳಿಯಲ್ಲಿನ ಧೂಳನ್ನೂ ಅಡುಗೆಮನೆಯ ಹೊಗೆಯ ಮಸಿಯನ್ನೂ ತನ್ನತ್ತ ಸೆಳೆದುಕೊಳ್ಳುತ್ತದೆ. ಒಣಗಿದ ಧೂಳು ಶಾಖವನ್ನು ತಡೆಹಿಡಿಯುವುದರಿಂದ ಮಾತ್ರ ಕೆಡುಕು. ಅದೇ ಧೂಳು ತೇವವನ್ನು ಹೀರಿದಾಗ ವಿದ್ಯುತ್ತಿಗೆ ದಾರಿಯಾಗಿ, ಇರಬಾರದ ಕಡೆ ಕಿಡಿಯನ್ನು ಹಾರಿಸುತ್ತದೆ. ಇರುವೆಗಳ ಮಣ್ಣು, ಬೆಚ್ಚಗಿನ ಜಾಗವನ್ನು ಅರಸಿ ಬಂದು ಸತ್ತ ಹಲ್ಲಿ, ಜಿರಲೆಯ ಹಿಕ್ಕೆ, ಇವೆಲ್ಲ ನಮ್ಮ ಕಡೆಯ ಸೆಟ್ಟುಗಳಲ್ಲಿ ಸಾಮಾನ್ಯ. 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್-ಮ್ಯಾನ್ ಮೊದಲಾದ ವಿಡಿಯೊ ಗೇಮ್ ಯಂತ್ರಗಳ ಹೊಟ್ಟೆಯಲ್ಲಿ ಇದ್ದುದೂ ಇಂಥದೇ ಟ್ಯೂಬು, ಇಂಥದೇ ಬೋರ್ಡು. ಅವನ್ನು ಇಂದಿಗೂ ಅಕ್ಕರೆಯಿಂದ ಕಾಪಾಡುತ್ತಿರುವ ಪರದೇಶದ ಆಸಕ್ತರು ಎದುರಿಸುವ ಸಮಸ್ಯೆಯೂ, ಮೂಲತಃ, ನಮ್ಮ ಹಿರಿಯರ ಐನ್‌ಮನೆಯ ಮೂಲೆಯ ಸಮಸ್ಯೆಯೇ.

ಅಪಾಯದ ಮಾತನ್ನು ಮೊದಲು ಹೇಳದೆ ಉಪಾಯದ ಮಾತನ್ನು ಹೇಳುವುದು ಅಧರ್ಮ. ಪ್ಲಗ್ಗನ್ನು ಕಿತ್ತ ಮಾತ್ರಕ್ಕೆ ಟಿ.ವಿ. ನಿರ್ಜೀವವಾಗುವುದಿಲ್ಲ. ಟ್ಯೂಬಿನ ಗಾಜೇ ವಿದ್ಯುತ್ತನ್ನು ಕೂಡಿಡುವ ಪಾತ್ರೆಯಾಗಿರುವುದರಿಂದ ಅಲ್ಲಿನ ಆವೇಶವು ದಿನಗಟ್ಟಲೆ ಉಳಿಯಬಹುದು. ಒಮ್ಮೆ ಬರಿದುಮಾಡಿದ ಮೇಲೂ ತುಸು ಹೊತ್ತಿನಲ್ಲಿ ಸ್ವಲ್ಪ ಮರಳಿ ಮೂಡಬಹುದು. ಮನೆಯ 230 ವೋಲ್ಟು ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟಾಗಿ ನಿಂತಿರುತ್ತದೆ. ಇವಲ್ಲದೆ ಟ್ಯೂಬಿನೊಳಗೆ ನಿರ್ವಾತ. ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋಗ್ರಾಂ ಭಾರದಿಂದ ಒತ್ತುತ್ತಿರುವಾಗ, ಅದರ ತೆಳ್ಳನೆಯ ಕತ್ತಿಗೆ ಬಿದ್ದ ಸಣ್ಣ ಪೆಟ್ಟೂ ಟ್ಯೂಬನ್ನು ಕೆಡಿಸಲು ಸಾಕು. ಆದಕಾರಣ, ಈ ವಿದ್ಯೆಯನ್ನು ಕೈಯಾರೆ ಕಲಿಯದ ಗೃಹಸ್ಥನು ಹಿಂಬದಿಯ ಮುಚ್ಚಳವನ್ನು ತೆಗೆಯತಕ್ಕುದಲ್ಲ.

ಬಲ್ಲ ಮೆಕ್ಯಾನಿಕ್ಕಿನ ಕ್ರಮವೇ ಬೇರೆ. ಆತನು ಮೊದಲು ಪ್ಲಗ್ಗನ್ನು ಕಿತ್ತು, ಉತ್ತಮ ಹಿಡಿಯುಳ್ಳ ಸ್ಕ್ರೂಡ್ರೈವರಿಗೆ ತಂತಿಯನ್ನು ಬಿಗಿದು, ಆ ತಂತಿಯ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನಿನ ಕಪ್ಪು ಲೇಪದ ಮೇಲೆ ಹಾದುಹೋಗುವ ಹೆಣೆದ ತಂತಿಗೆ ಕಚ್ಚಿಸಿ, ಒಂದು ಕೈಯನ್ನು ಬೆನ್ನ ಹಿಂದೆ ಇರಿಸಿಕೊಂಡು, ಆನೋಡಿನ ರಬ್ಬರ್ ಟೊಪ್ಪಿಯ ಅಡಿಗೆ ಮೊನೆಯನ್ನು ತಾಗಿಸಿ ಆವೇಶವನ್ನು ಬರಿದುಮಾಡುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಹಾಗೆಯೇ ಮಾಡುತ್ತಾನೆ. ದೊಡ್ಡ ಕೆಪಾಸಿಟರನ್ನು ಬಲ್ಬಿನ ಮೂಲಕ ಬರಿದಾಗಿಸಿ ಮೀಟರಿನಿಂದ ನೋಡಿದ ಮೇಲೆಯೇ ಬ್ರಷ್ಷು ಆತನ ಕೈಗೆ ಬರುತ್ತದೆ. ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ಸಡಿಲಿಸಿ, ಅಂಟಿದ ಜಿಡ್ಡನ್ನು ಐ.ಪಿ.ಎ. (ಐಸೋಪ್ರೊಪೈಲ್ ಆಲ್ಕೋಹಾಲ್) ದ್ರಾವಣದಿಂದ, ಕಿಟಕಿ ತೆರೆದ ಕೋಣೆಯಲ್ಲಿ, ಬೆಂಕಿಯಿಂದ ದೂರದಲ್ಲಿ, ಒರೆಸಿ ತೆಗೆಯುತ್ತಾನೆ. ಟ್ಯೂಬಿನ ಕಪ್ಪು ಲೇಪವನ್ನು ಉಜ್ಜುವುದಿಲ್ಲ; ಕತ್ತಿನ ಮೇಲಿನ ಕಾಯಿಲನ್ನೂ ಬಳೆಗಳನ್ನೂ ಅಲುಗಿಸುವುದಿಲ್ಲ, ಅಲುಗಿಸಿದರೆ ಬಣ್ಣಗಳು ಚದರುವುವು. ಮತ್ತೆ ಮೊದಲ ಬಾರಿ ವಿದ್ಯುತ್ತು ಕೊಡುವಾಗ ನೇರವಾಗಿ ಕೊಡದೆ ಸೀರೀಸ್ ಬಲ್ಬಿನ ಮೂಲಕ ಕೊಟ್ಟು, ಬಲ್ಬು ಪ್ರಖರವಾಗಿ ಉರಿದು ನಿಂತರೆ ಒಡನೆ ಆರಿಸುತ್ತಾನೆ.

ಇದಕ್ಕೆ ವಿರುದ್ಧವಾಗಿ ನಡೆಯುತ್ತಿರುವ ಎರಡು ರೂಢಿಗಳನ್ನು ಬಿಡಿಸಲೇಬೇಕು. ಪೆಟ್ರೋಲಿನಿಂದಲೋ ತಿನ್ನರಿನಿಂದಲೋ ಬೋರ್ಡನ್ನು ತೊಳೆಯುವುದು ಒಂದು. ಅದು ಪ್ಲಾಸ್ಟಿಕ್ಕನ್ನು ಕರಗಿಸುವುದಲ್ಲದೆ ಮನೆಗೇ ಬೆಂಕಿಯಿಡಬಹುದು. ಗ್ಯಾರೇಜಿನ ಗಾಳಿಯ ಪೈಪನ್ನು ಹಿಡಿದು ಊದಿಸುವುದು ಇನ್ನೊಂದು. ಕಂಪ್ರೆಸರಿನ ಗಾಳಿಯಲ್ಲಿ ನೀರಿನ ಹನಿಯೂ ಎಣ್ಣೆಯೂ ಬೆರೆತಿರುವುದರಿಂದ ಧೂಳು ಹೋಗುವ ಬದಲು ಕೆಸರಾಗಿ ಕೂರುತ್ತದೆ.

ಬೋರ್ಡನ್ನು ಪೂರ್ತಿಯಾಗಿ ಬಿಚ್ಚಿ, ಎಲ್.ಓ.ಟಿ. ಮೊದಲಾದ ನೀರು ನಿಲ್ಲುವ ಭಾಗಗಳನ್ನು ಕಳಚಿಟ್ಟು, ಸೌಮ್ಯವಾದ ಸೋಪಿನ ನೀರಿನಿಂದ ತೊಳೆದು ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸುವ ಕ್ರಮವೂ ಉಂಟು. ಅದು ತಪ್ಪಲ್ಲ, ಆದರೆ ಅದರ ಅರ್ಧ ತೊಳೆಯುವುದರಲ್ಲಿದ್ದರೆ ಅರ್ಧ ಒಣಗಿಸುವುದರಲ್ಲಿದೆ. ಒಣಗಿಸುವ ಧರ್ಮವನ್ನು ಕೊಡಗಿನವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕಣದಲ್ಲಿ ಹರಡಿದ ಚೆರ್ರಿ ಕಾಫಿಯ ತೇವ ಶೇ. 11ರ ಸುಮಾರಿಗೆ ಇಳಿಯುವವರೆಗೆ, ಹಿಡಿಯಲ್ಲಿ ಕುಲುಕಿದರೆ ಬೀಜ ಕಲಕಲ ಸದ್ದು ಮಾಡುವವರೆಗೆ, ನಾವು ಚೀಲಕ್ಕೆ ತುಂಬುವುದಿಲ್ಲ. ಅವಸರಪಟ್ಟವನ ಕಾಫಿಗೆ ಬೂಷ್ಟು ಹಿಡಿಯುತ್ತದೆಂದು ಮನೆಯ ಮಗುವಿಗೂ ಗೊತ್ತು. ಬೋರ್ಡಿಗೆ ಅಂಥ ಸದ್ದಿನ ಗುರುತಿಲ್ಲವಾದುದರಿಂದ ದಿನಗಳನ್ನೇ ಎಣಿಸಬೇಕು: ಜನವರಿ-ಫೆಬ್ರವರಿಯ ಒಣಹವೆಯಲ್ಲಿಯಾದರೂ ಹಲವು ದಿನ. ಕಕ್ಕಡದಲ್ಲಿ ತೊಳೆದ ಬೋರ್ಡು ಒಣಗಿದಂತೆ ಕಂಡೀತು, ಒಣಗಿರದು.

ಇಷ್ಟು ಶ್ರಮವೇಕೆಂದು ಕೇಳುವವರಿಗೆ ನನ್ನ ಉತ್ತರವು ಕಾವೇರಿಯ ಕಡೆಗೆ ಕೈತೋರಿಸುವುದು. ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿದೆ. ತಾಮ್ರಕ್ಕಾಗಿ ಒಡೆದು ತೋಡಿನ ಬದಿಗೆ ಎಸೆದ ಟ್ಯೂಬಿನ ಚೂರು, ನದಿಯ ಉಗಮವೇ ಇರುವ ನಾಡಿನಲ್ಲಿ, ಕೆಳಗಿನ ಊರುಗಳೆಲ್ಲದಕ್ಕೆ ಮಾಡುವ ದ್ರೋಹ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಇಂಥ ವಸ್ತುಗಳನ್ನು ನೋಂದಾಯಿತ ಮರುಬಳಕೆದಾರರಿಗೇ ತಲುಪಿಸಬೇಕೆನ್ನುತ್ತವೆ. ಉಳಿಸಬಹುದಾದುದನ್ನು ಉಳಿಸುವುದು, ಉಳಿಯದುದನ್ನು ಒಡೆಯದೆ ಒಪ್ಪಿಸುವುದು, ಇವೆರಡೂ ಒಂದೇ ಕರ್ತವ್ಯದ ಎರಡು ಮುಖಗಳು.

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರಗಳಲ್ಲಿ ಈ ಕೆಲಸದಲ್ಲಿ ಕೈ ಪಳಗಿಸಿದವರಿಗೆ ಈಗ ವಯಸ್ಸಾಗುತ್ತಿದೆ. ಅವರ ಬಳಿ ಕಲಿಯಲು ಕುಳಿತ ಹುಡುಗರು ವಿರಳ. ಕಾಫಿ ಕೊಯ್ಲು ಮುಗಿದು ಮುಂಗಾರು ಇನ್ನೂ ಬಾರದ ದಿನಗಳಲ್ಲಿ, ಜಿಲ್ಲೆಯ ಐ.ಟಿ.ಐ.ಗಳೂ ಪಾಲಿಟೆಕ್ನಿಕ್ಕುಗಳೂ ಈ ಹಿರಿಯರನ್ನು ಗೌರವಧನ ಕೊಟ್ಟು ಕರೆಯಿಸಿ, ಊರವರು ತಂದ ಹಳೆಯ ಸೆಟ್ಟುಗಳನ್ನು ವಿದ್ಯಾರ್ಥಿಗಳ ಎದುರಿನಲ್ಲಿ ಬಿಚ್ಚಿಸಿ ಶುದ್ಧಿಮಾಡಿಸಲಿ. ಮುಂದೆ ಅವರು ದುಡಿಯಲಿರುವ ಇನ್ವರ್ಟರು, ಸೌರಫಲಕ, ವಿದ್ಯುತ್ ಸ್ಕೂಟರುಗಳಲ್ಲಿಯೂ ಪ್ಲಗ್ ಕಿತ್ತ ಮೇಲೆ ಉಳಿಯುವ ವಿದ್ಯುತ್ತಿದೆ, ಧೂಳಿದೆ, ನಮ್ಮ ಈ ತೇವವೂ ಇದೆ. ಒಂದು ಕೈಯನ್ನು ಬೆನ್ನ ಹಿಂದೆ ಇರಿಸಿಕೊಳ್ಳುವ ಅಭ್ಯಾಸವನ್ನು ಹಳೆಯ ಟಿ.ವಿ.ಯ ಮುಂದೆ ಕಲಿತ ಹುಡುಗನನ್ನು ಆ ಅಭ್ಯಾಸವೇ ಬದುಕಿನುದ್ದಕ್ಕೂ ಕಾಯುವುದು.