ಯಾರ ಅಂಗಳಕ್ಕೆ ಹೋದರೂ ನಿಮ್ಮ ಹೆಸರಲ್ಲೇ ಆಡಿ!

ಕನ್ನಡದ ಹುಡುಗರೇ, ಹುಡುಗಿಯರೇ,

ಮೊನ್ನೆ ನಾಲ್ಕು ಹುಡುಗರು ಪೋಸ್ಟರ್ ಅಚ್ಚು ಹಾಕಿಸಲು ನನ್ನ ಪ್ರೆಸ್ಸಿಗೆ ಬಂದಿದ್ದರು. ಬಡಾವಣೆಯಲ್ಲಿ ಬಾಸ್ಕೆಟ್‌ಬಾಲ್ ಪಂದ್ಯಾವಳಿ. ಹೊರಗಿನ ಟೀಮುಗಳನ್ನೂ ಕರೆದಿದ್ದಾರೆ. ಸಂತೋಷ! ಆದರೆ ಕೊಟ್ಟ ಮ್ಯಾಟರಿನಲ್ಲಿ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಮೈದಾನದ ಹೆಸರು ಇಂಗ್ಲಿಷಿನಲ್ಲಿ, ಊರಿನ ಹೆಸರು ಇಂಗ್ಲಿಷಿನಲ್ಲಿ, ಕ್ಲಬ್ಬಿನ ಹೆಸರಂತೂ ಅಮೆರಿಕದಿಂದ ಎತ್ತಿ ತಂದದ್ದು. ಯಾಕ್ರಪ್ಪಾ ಅಂತ ಕೇಳಿದೆ. "ಅಂಕಲ್, ಇದು ಬಾಸ್ಕೆಟ್‌ಬಾಲ್. ಕನ್ನಡ ಹಾಕಿದರೆ ತೀರಾ ಲೋಕಲ್ ಅನ್ನಿಸುತ್ತೆ, ಸ್ಪಾನ್ಸರೂ ಒಪ್ಪಲ್ಲ" ಅಂದರು. ಮನೆಯಲ್ಲಿ ಅಪ್ಪ ಅಮ್ಮನ ಜತೆ ಕನ್ನಡವನ್ನೇ ಆಡುವ ಹುಡುಗರು!

ಆವತ್ತು ಅವರಿಗೆ ಹೇಳಿದ ಕಥೆಯನ್ನೇ ಇವತ್ತು ನಿಮಗೂ ಹೇಳುತ್ತೇನೆ.

ಮೆಕ್‌ಡೊನಾಲ್ಡ್ಸ್ ಅನ್ನುವ ಬರ್ಗರ್ ಕಂಪೆನಿಯ ಹೆಸರಿನಲ್ಲಿ ಒಂದು ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯುತ್ತಿತ್ತು. 1987ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಶುರುವಾಗಿ 1999ರಲ್ಲಿ ಇಟಲಿಯ ಮಿಲಾನಿನಲ್ಲಿ ಮುಗಿಯಿತು. ಯುರೋಪಿನ ದೊಡ್ಡ ವೃತ್ತಿಪರ ಕ್ಲಬ್ಬುಗಳನ್ನು ಕರೆಯುವುದು, ಎದುರಿಗೆ ಅಮೆರಿಕದ ಎನ್‌ಬಿಎ ಟೀಮೊಂದನ್ನು ನಿಲ್ಲಿಸುವುದು. ನಡೆದದ್ದು ಒಟ್ಟು 9 ಸಲ. ಒಂಬತ್ತೂ ಸಲ ಗೆದ್ದದ್ದು ಎನ್‌ಬಿಎ ಟೀಮೇ! ಕರೆದವರು ಅವರು, ಹಣ ಅವರದು, ಕಪ್ಪೂ ಅವರದೇ.

ಹೋದವರ ಹೆಸರುಗಳನ್ನು ನೋಡಿ. ಆಗಿನ ಯುಗೋಸ್ಲಾವಿಯಾದ ಸ್ಪ್ಲಿಟ್ ಊರಿನ ಟೀಮು 1989, 1990, 1991ರಲ್ಲಿ ಸತತ ಮೂರು ವರ್ಷ ಯುರೋಪಿನ ಚಾಂಪಿಯನ್. ಅಂಥ ಟೀಮು 1989ರ ಫೈನಲ್ಲಿಗೆ ಬಂದದ್ದು 'ಯುಗೊಪ್ಲಾಸ್ಟಿಕಾ' ಎಂಬ ಪ್ಲಾಸ್ಟಿಕ್ ಕಾರ್ಖಾನೆಯ ಹೆಸರಿನಲ್ಲಿ. ಮರುವರ್ಷ ಬಂದದ್ದು 'ಪಾಪ್ 84' ಎಂಬ ಇನ್ನೊಂದು ಸ್ಪಾನ್ಸರ್ ಹೆಸರಿನಲ್ಲಿ. ಇಟಲಿಯ ಬೊಲೋನ್ಯಾದ ಹಳೇ ಕ್ಲಬ್ಬು ವಿರ್ತುಸ್, 1993 ಮತ್ತು 1995ರ ಫೈನಲ್ ಆಡಿದ್ದು 'ಬಕ್ಲರ್' ಎಂಬ ಬಿಯರಿನ ಹೆಸರಿನಲ್ಲಿ. ಸ್ಪಾನ್ಸರ್ ಬದಲಾದಂತೆ ಹೆಸರೂ ಬದಲು. ಬಾಡಿಗೆ ಮನೆಯ ಬಾಗಿಲಿನ ಬೋರ್ಡಿನ ಹಾಗೆ!

ಈಗ 1991ರ ಅಕ್ಟೋಬರಿಗೆ ಬನ್ನಿ. ಊರು ಪ್ಯಾರಿಸ್. ಫೈನಲ್ಲಿನಲ್ಲಿ ಒಂದು ಕಡೆ ಲಾಸ್ ಏಂಜಲೀಸ್ ಲೇಕರ್ಸ್, ಅದರಲ್ಲಿ ಜಗತ್ಪ್ರಸಿದ್ಧ ಮ್ಯಾಜಿಕ್ ಜಾನ್ಸನ್. ಇನ್ನೊಂದು ಕಡೆ ಸ್ಪೇನಿನ ಬಾರ್ಸಿಲೋನಾದ ಪಕ್ಕದ ಬದಲೋನಾ ಊರಿನ ಕ್ಲಬ್ಬು. ಬೆಂಗಳೂರಿನ ಲೆಕ್ಕದಲ್ಲಿ ಅದು ನಾಲ್ಕಾರು ಬಡಾವಣೆ ಸೇರಿಸಿದಷ್ಟು ಊರು. ಲೇಕರ್ಸ್ ಸುಲಭವಾಗಿ ಗೆಲ್ಲಬೇಕಿತ್ತು. ಕೊನೆಗೆ ಸ್ಕೋರು ಎಷ್ಟು ಗೊತ್ತೇ? 116-114. ಬರೀ ಎರಡೇ ಪಾಯಿಂಟು!

ಆ ಕ್ಲಬ್ಬಿನ ಹೆಸರು 'ಜುವೆಂತುತ್'. ಅದು ಕೆಟಲಾನ್ ಭಾಷೆಯ ಪದ. ಅರ್ಥ ಏನು ಬಲ್ಲಿರಾ? ತಾರುಣ್ಯ, ಯುವಜನ. ನಿಮ್ಮದೇ ಹೆಸರು ಕಣ್ರಪ್ಪಾ!

ಈ ಹೆಸರು ಸುಮ್ಮನೆ ಬಂದದ್ದಲ್ಲ. ಕ್ಲಬ್ಬು ಹುಟ್ಟಿದ್ದು 1930ರಲ್ಲಿ. 1939ರಿಂದ 1975ರವರೆಗೆ ಸ್ಪೇನನ್ನು ಆಳಿದ ಸರ್ವಾಧಿಕಾರಿ ಫ್ರಾಂಕೊ ಕೆಟಲಾನ್ ಭಾಷೆಯನ್ನು ಶಾಲೆಯಿಂದ, ಕಚೇರಿಯಿಂದ, ಬೀದಿಯ ಬೋರ್ಡಿನಿಂದ ಹೊರಗೆ ಹಾಕಿದ. ಆ ಕಾಲದಲ್ಲಿ ಕ್ಲಬ್ಬಿನ ಹೆಸರೂ ಸ್ಪ್ಯಾನಿಷಿನಲ್ಲೇ, 'ಹುವೆಂತುದ್' ಎಂದೇ ಇರಬೇಕಾಯಿತು. ಅರ್ಥ ಅದೇ, ಭಾಷೆ ಮಾತ್ರ ಆಳುವವರದ್ದು. ಫ್ರಾಂಕೊ ಸತ್ತ. 1979ರಲ್ಲಿ ಕೆಟಲೋನಿಯಾದಲ್ಲಿ ಕೆಟಲಾನ್ ಮತ್ತೆ ಆಡಳಿತ ಭಾಷೆಯಾಯಿತು. ಕ್ಲಬ್ಬಿನ ಹೆಸರೂ ತಾಯಿನುಡಿಗೆ ಮರಳಿತು.

ನೀವು ಕೇಳಬಹುದು: 'ಅವರು ಸ್ಪಾನ್ಸರ್ ಹಣ ಮುಟ್ಟಲಿಲ್ಲವೇ?' ಮುಟ್ಟಿದರು. 1991ರಲ್ಲಿ ಅವರ ಹೆಸರಿನ ಮುಂದೆಯೂ 'ಮೊಂತಿಗಲಾ' ಎಂಬ ಸ್ಪಾನ್ಸರ್ ಹೆಸರು ಅಂಟಿಕೊಂಡಿತ್ತು. ಆದರೆ ಜುವೆಂತುತ್ ಅನ್ನುವುದನ್ನು ಅಳಿಸಲು ಬಿಡಲಿಲ್ಲ. ಇವತ್ತು ಮೊಂತಿಗಲಾ ಹೋಗಿದೆ, ಜುವೆಂತುತ್ ಉಳಿದಿದೆ. ಹಣ ಬೇಡ ಅಂತ ನಾನೂ ಹೇಳುವುದಿಲ್ಲ ಸ್ವಾಮಿ, ಪ್ರೆಸ್ಸು ನಡೆಸುವವನು ನಾನು. ಜಾಹೀರಾತಿಗೆ ಪೋಸ್ಟರಿನ ಕೆಳಗೆ ಒಂದು ಪಟ್ಟಿ ಕೊಡಿ. ತಲೆಯ ಮೇಲೆ ಯಾಕೆ ಕೂರಿಸುತ್ತೀರಿ?

ಹೊರಗಿನವರನ್ನು ದ್ವೇಷಿಸಿದರೇ ಅವರು? ಅದೂ ಇಲ್ಲ. 1994ರಲ್ಲಿ ಟೆಲ್ ಅವೀವಿನಲ್ಲಿ ಗ್ರೀಸಿನ ಒಲಿಂಪಿಯಾಕೋಸನ್ನು 59-57ರಿಂದ ಸೋಲಿಸಿ ಜುವೆಂತುತ್ ಯುರೋಪಿನ ಚಾಂಪಿಯನ್ ಆಯಿತು. ಗೆಲುವಿನ ಬುಟ್ಟಿ ಹಾಕಿದ್ದು ಕಾರ್ನಿ ಥಾಮ್ಸನ್ ಎಂಬ ಅಮೆರಿಕನ್. ತರಬೇತುದಾರ ಒಬ್ರಾದೊವಿಚ್ ಸೆರ್ಬಿಯಾದವನು. ಎಲ್ಲಿಂದಲೋ ಬಂದವರು ಕೆಟಲಾನ್ ಹೆಸರಿನ ಅಡಿಯಲ್ಲಿ ಆಡಿ ಗೆದ್ದರು. ನಮ್ಮ ಬೇಡಿಕೆಯೂ ಇಷ್ಟೇ: ಯಾರಾದರೂ ಬನ್ನಿ, ಆಡಿ, ಗೆಲ್ಲಿ. ಬೋರ್ಡು ಮಾತ್ರ ಈ ನೆಲದ ಭಾಷೆಯಲ್ಲಿರಲಿ.

ಕಥೆಗೆ ಇನ್ನೊಂದು ತಿರುವು ಇದೆ. ಪ್ಯಾರಿಸ್ ಫೈನಲ್ ಮುಗಿದು ಮೂರು ವಾರ ತುಂಬುವ ಮೊದಲೇ, 1991ರ ನವೆಂಬರ್ 7ರಂದು, ತನಗೆ ಎಚ್‌ಐವಿ ಸೋಂಕು ತಗುಲಿದೆ ಎಂದು ಮ್ಯಾಜಿಕ್ ಜಾನ್ಸನ್ ಲೋಕಕ್ಕೆ ಹೇಳಿ ಆಟ ಬಿಟ್ಟ. ಆದರೂ ಮರುವರ್ಷ ಬಾರ್ಸಿಲೋನಾ ಒಲಿಂಪಿಕ್ಸಿಗೆ ಬಂದ. ಬಾಸ್ಕೆಟ್‌ಬಾಲ್ ಪಂದ್ಯಗಳು ನಡೆದದ್ದು ಎಲ್ಲಿ? ಅದೇ ಬದಲೋನಾದಲ್ಲಿ! ಜೋರ್ಡಾನ್, ಮ್ಯಾಜಿಕ್, ಬರ್ಡ್ ಎಲ್ಲರೂ ಆ ಸಣ್ಣ ಊರಿನ ಅಂಗಳಕ್ಕೇ ಬಂದು ಚಿನ್ನ ಗೆದ್ದರು. ಆ ಒಲಿಂಪಿಕ್ಸಿನ ಅಧಿಕೃತ ಭಾಷೆಗಳು ನಾಲ್ಕು: ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್, ಕೆಟಲಾನ್. ಹದಿನೇಳು ವರ್ಷದ ಹಿಂದೆ ಬೀದಿ ಬೋರ್ಡಿಗೂ ಅಯೋಗ್ಯ ಎನಿಸಿಕೊಂಡಿದ್ದ ಭಾಷೆ ಲೋಕದ ಎದುರು ತಲೆ ಎತ್ತಿ ನಿಂತಿತು. ಆಗ ಅದು 'ಲೋಕಲ್' ಅಂತ ಯಾರಾದರೂ ನಕ್ಕರೇ?

ನಮ್ಮ ಬೆಂಗಳೂರಿಗೂ ಲೋಕ ಬಂದಿದೆ. 2017ರಲ್ಲಿ, ಮತ್ತೆ 2019ರಲ್ಲಿ, ಮಹಿಳೆಯರ ಏಷ್ಯಾ ಕಪ್ ಬಾಸ್ಕೆಟ್‌ಬಾಲ್ ನಡೆದದ್ದು ನಮ್ಮ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ. ಇನ್ನೂ ಬರುತ್ತಾರೆ. ಅವರು ಬಂದ ದಿನ ಮೈಕಿನಲ್ಲಿ ಮೊದಲ ಮಾತು ಕನ್ನಡದ್ದಾಗಬೇಕಾದರೆ, ಆ ಅಭ್ಯಾಸ ನಿಮ್ಮ ಬಡಾವಣೆಯ ಕೋರ್ಟಿನಲ್ಲೇ ಶುರುವಾಗಬೇಕು. ಸರ್ಕಾರಿ ಆದೇಶಕ್ಕೆ ಕಾಯಬೇಡಿ. ಟೀಮಿಗೆ ಕನ್ನಡದ ಹೆಸರಿಡಿ. ಜರ್ಸಿಯ ಎದೆಯ ಮೇಲೆ ಅದನ್ನು ಕನ್ನಡದಲ್ಲೇ ಬರೆಸಿ. ಸ್ಕೋರನ್ನು ಕನ್ನಡದಲ್ಲಿ ಕೂಗಿ. ಪೋಸ್ಟರಿನಲ್ಲಿ ಕನ್ನಡ ಮೇಲೆ, ದೊಡ್ಡದಾಗಿ. ಇಂಗ್ಲಿಷ್ ಬೇಕಾದವರಿಗೆ ಕೆಳಗೆ ಒಂದು ಸಾಲು. ಕನ್ನಡಕ್ಕೆ ಒತ್ತಕ್ಷರ ಇದೆ, ಸಾಲಿನ ನಡುವೆ ಜಾಗ ಜಾಸ್ತಿ ಬೇಕು, ತೊಂದರೆ ಅಂತ ಯಾವ ಡಿಟಿಪಿಯವನಾದರೂ ಗೊಣಗಿದರೆ ನಂಬಬೇಡಿ. ಅದು ಸೋಮಾರಿತನದ ಮಾತು. ಜಾಗ ಮಾಡಬೇಕು ಅನ್ನುವವನಿಗೆ ಕಾಗದದಲ್ಲಿ ಜಾಗ ಇದ್ದೇ ಇರುತ್ತದೆ.

ಆ ನಾಲ್ಕು ಹುಡುಗರು ಎಲ್ಲ ಕೇಳಿಸಿಕೊಂಡು, "ಸ್ಪಾನ್ಸರನ್ನು ಕೇಳಿ ಬರುತ್ತೇವೆ ಅಂಕಲ್" ಅಂತ ಹೋಗಿದ್ದಾರೆ. ಇನ್ನೂ ಬಂದಿಲ್ಲ. ಬೇರೆ ಪ್ರೆಸ್ಸಿಗೆ ಹೋಗಿದ್ದರೆ ನನಗೆ ಒಂದು ಆರ್ಡರು ನಷ್ಟ, ಅಷ್ಟೇ. ಆದರೆ ಅವರ ಹೆಸರು ಹೋದರೆ ಅವರಿಗಾಗುವ ನಷ್ಟಕ್ಕೆ ಲೆಕ್ಕವಿದೆಯೇ?

ನೀವಾದರೂ ಯೋಚಿಸಿ. ಎರಡು ಪಾಯಿಂಟಿನಿಂದ ಸೋತವರು ಮುಂದೆ ಗೆಲ್ಲಬಹುದು, ಬದಲೋನಾದವರು ಗೆದ್ದರು. ಹೆಸರನ್ನೇ ಬಿಟ್ಟುಕೊಟ್ಟವರು ಗೆದ್ದರೂ ಅದು ಯಾರ ಗೆಲುವು?

ಸಿರಿಗನ್ನಡಂ ಗೆಲ್ಗೆ!