ಹಳೆಯ ಕೋವಿ, ಹಳೆಯ ಮಾತು

ಹಲಗಲಿಯ ಬೇಡರ ಲಾವಣಿಯನ್ನು ನಾನು ತರಗತಿಯಲ್ಲಿ ಪಾಠ ಹೇಳತೊಡಗಿ ಹದಿನೈದು ವರ್ಷಗಳ ಮೇಲಾಯಿತು. ಪ್ರಜೆಗಳು ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂಬ ಕುಂಪಣಿ ಸರ್ಕಾರದ ಆಜ್ಞೆಗೆ ತಲೆಬಾಗದೆ, 1857ರ ನವೆಂಬರಿನಲ್ಲಿ ಮುಧೋಳ ಸೀಮೆಯ ಆ ಪುಟ್ಟ ಊರು ಹೋರಾಡಿ ಉರಿದುಹೋದ ಕಥೆ ಅದು. ಜೆ. ಎಫ್. ಫ್ಲೀಟರು ಸಂಗ್ರಹಿಸಿ ಉಳಿಸಿದ ಆ ಪದದ ಧಾಟಿಯನ್ನೂ, ಅದರಲ್ಲಿ ವೀರವು ಕರುಣಕ್ಕೆ ತಿರುಗುವ ಬಗೆಯನ್ನೂ ವಿವರಿಸುವುದರಲ್ಲಿ ನನಗೆ ಒಂದು ಬಗೆಯ ಹೆಮ್ಮೆಯೇ ಇತ್ತು. ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಅವರ ಕೋವಿಗೆ ಗುಂಡನ್ನು ಮುಂದಿನಿಂದ ತುಂಬುತ್ತಿದ್ದರೋ, ಹಿಂದಿನಿಂದಲೋ?” ಎಂದು ಕೇಳಿದ. “ಅದು ಕಾವ್ಯಕ್ಕೆ ಮುಖ್ಯವಲ್ಲ, ಕೂತುಕೋ” ಎಂದೆ. ನಿಜ ಹೇಳಬೇಕೆಂದರೆ ನನಗೆ ಉತ್ತರ ತಿಳಿದಿರಲಿಲ್ಲ. ಹುಡುಗ ಕೂತ, ಪ್ರಶ್ನೆ ಕೂರಲಿಲ್ಲ. ಅದು ನನ್ನ ಜೊತೆಯಲ್ಲಿಯೇ ಮನೆಗೆ ಬಂದಿತು.

ನಿಘಂಟನ್ನು ತೆರೆದೆ. ಈಡು, ಚರೆ, ಗಜ, ಕೇಪು, ರಂಜಕ – ಒಂದೊಂದಕ್ಕೂ ಒಂದೊಂದು ಅರ್ಥ ದೊರೆಯಿತು. ಆದರೆ ಆ ಅರ್ಥಗಳನ್ನೆಲ್ಲ ಒಟ್ಟುಗೂಡಿಸಿದರೂ ಒಂದು ಕೋವಿಯಾಗಲಿಲ್ಲ. ಕೊನೆಗೆ ಕೊಡಗಿನಲ್ಲಿರುವ ಗೆಳೆಯರೊಬ್ಬರಿಗೆ ನನ್ನ ಅಜ್ಞಾನವನ್ನು ಒಪ್ಪಿಕೊಂಡು ಬರೆದೆ. “ಕೈಲ್‌ಪೊಳ್ದಿಗೆ ಬನ್ನಿ, ಪುಸ್ತಕವನ್ನು ಮನೆಯಲ್ಲಿಯೇ ಬಿಟ್ಟು ಬನ್ನಿ” ಎಂದು ಅವರಿಂದ ಉತ್ತರ ಬಂದಿತು.

ಕೊಡಗಿನಲ್ಲಿ ಕೋವಿಯೆಂಬುದು ಬರಿಯ ಆಯುಧವಲ್ಲವೆಂಬುದನ್ನು ಬಲ್ಲವರು ಬಲ್ಲರು. ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು. ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಈಡಿನ ಸದ್ದು. ಸೆಪ್ಟೆಂಬರಿನ ಆಯುಧಪೂಜೆಯಲ್ಲಿ ಕೋವಿಗೆ ಮುಡಿಸುವ ಕೆಂಪು ಹಳದಿಯ ಹೂವಿಗೆ ಅಲ್ಲಿಯವರು ಇಟ್ಟಿರುವ ಹೆಸರೇ ‘ತೋಕ್ ಪೂ’, ಎಂದರೆ ಕೋವಿಯ ಹೂವು. ಹಲಗಲಿಯನ್ನು ನಿರಾಯುಧವನ್ನಾಗಿ ಮಾಡಿದ ನಾಲ್ಕೇ ವರ್ಷಗಳಲ್ಲಿ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ, ಕೊಡವರಿಗೆ ಶಸ್ತ್ರ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಮುಂದುವರಿದು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಒಂದೇ ನಾಡಿನ ಎರಡು ಮೂಲೆಗಳಲ್ಲಿ ಒಂದೇ ಆಯುಧಕ್ಕೆ ಎರಡು ವಿಧಿ!

ಪೂಜೆಗೆ ಇಡುವ ಕೋವಿಯಲ್ಲದೆ ಗೆಳೆಯರ ಅಟ್ಟದಲ್ಲಿ ಇನ್ನೊಂದಿತ್ತು. ಅವರ ಅಜ್ಜನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ. ಮನೆಯ ಕಾಗದಪತ್ರಗಳಲ್ಲಿ ನಮೂದಾಗಿ, ಮನೆಯವರ ನೆನಪಿನಿಂದ ಮಾತ್ರ ಜಾರಿಹೋಗಿದ್ದದ್ದು. ಹೊಗೆ ಕುಡಿದು ಕಪ್ಪಾದ ಮರ, ಕೆಂಪು ತುಕ್ಕಿನ ನಳಿಗೆ. ನನಗೆ ಉತ್ಸಾಹ ಉಕ್ಕಿತು. “ಒಲೆಯ ಮೇಲೆ ಸ್ವಲ್ಪ ಕಾಯಿಸಿದರೆ ತುಕ್ಕು ಸಡಿಲವಾದೀತು; ಆಮೇಲೆ ಮರಳುಕಾಗದದಿಂದ ತಿಕ್ಕೋಣ” ಎಂದು ನಳಿಗೆಯನ್ನು ಕೈಗೆತ್ತಿಕೊಂಡೆ. ಗೆಳೆಯರು ಮಾತಾಡದೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಯಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಗಜದ ಕೋಲನ್ನು ಒಳಗೆ ಇಳಿಬಿಟ್ಟರು. ಕೋಲು ನಿಂತಲ್ಲಿ ಹೆಬ್ಬೆರಳಿನಿಂದ ಗುರುತು ಹಿಡಿದು, ಅದನ್ನು ಹೊರಗೆಳೆದು ನಳಿಗೆಯ ಪಕ್ಕದಲ್ಲಿ ಇಟ್ಟು ಅಳೆದರು. ಹೊರಗಿನ ಉದ್ದಕ್ಕಿಂತ ಒಳಗಿನ ಉದ್ದ ನಾಲ್ಕು ಬೆರಳು ಕಡಿಮೆ ಇತ್ತು.

“ತುಂಬಿದೆ” ಎಂದರು.

ಯಾವ ಬೇಟೆಗೆಂದು ಆ ಅಜ್ಜ ಈಡು ತುಂಬಿಟ್ಟಿದ್ದರೋ! ಬೇಟೆಯನ್ನು ನಿಷೇಧಿಸಿದ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದೇ 1972ರಲ್ಲಿ. ತೇವ ತಾಗದ ಕರಿಮದ್ದು ಎಷ್ಟು ದಶಕ ಕಳೆದರೂ ತನ್ನ ಗುಣವನ್ನು ಬಿಡುವುದಿಲ್ಲ. ನಾನು ಒಲೆಯ ಮೇಲೆ ಇಡಹೊರಟಿದ್ದುದು ತುಕ್ಕು ಹಿಡಿದ ಕಬ್ಬಿಣವನ್ನಲ್ಲ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ಕಾದು ಕುಳಿತಿದ್ದ ಬೆಂಕಿಯನ್ನು. ಆ ಅಡುಗೆಮನೆಯಲ್ಲಿ ಗೆಳೆಯರ ಮೊಮ್ಮಗಳು ಕೂತು ಅಕ್ಷರ ತಿದ್ದುತ್ತಿದ್ದಳು.

ನಳಿಗೆಯ ಬಾಯಿಯಿಂದ ನೀರು ಹೊಯ್ದು ಒಂದು ಹಗಲು ಒಂದು ರಾತ್ರಿ ನೆನೆಯಿಟ್ಟು, ಮರುದಿನ ಪಟ್ಟಣದ ದುರಸ್ತಿಗಾರರಲ್ಲಿಗೆ ಒಯ್ದೆವು. ಪರವಾನಗಿ ಇಲ್ಲದವರು ಕೋವಿಯ ದುರಸ್ತಿಗೆ ಕೈಹಾಕಕೂಡದೆಂದು 1959ರ ಶಸ್ತ್ರ ಕಾಯಿದೆ ವಿಧಿಸುತ್ತದೆ. ಅದು ಸರಿಯೂ ಹೌದು. ಆ ವೃದ್ಧರು ತಿರುಪಿನ ಮೂತಿಯ ಸಲಾಕೆಯೊಂದನ್ನು ಒಳಗಿಳಿಸಿ, ಮೊದಲು ತೆಂಗಿನ ಕತ್ತವನ್ನು, ಆಮೇಲೆ ಸೀಸದ ಚರೆಯನ್ನು, ಮತ್ತೆ ಕತ್ತವನ್ನು, ಕೊನೆಗೆ ಕೆಸರಾದ ಕರಿಮದ್ದನ್ನು ಹೊರಗೆಳೆದು ಹಳೆಯ ಕಾಗದದ ಮೇಲೆ ಸಾಲಾಗಿ ಇಟ್ಟರು. ನನ್ನ ನಿಘಂಟಿನ ಬಿಡಿ ಪದಗಳೆಲ್ಲ ಅಲ್ಲಿ ಅನ್ವಯವಾಗಿ ಒಂದು ವಾಕ್ಯವಾದುವು. ಮೊದಲು ಮದ್ದು, ಅದರ ಮೇಲೆ ಕತ್ತವನ್ನಿಟ್ಟು ಗಜದಿಂದ ಜಡಿಯಬೇಕು, ಆಮೇಲೆ ಚರೆ ಅಥವಾ ಗುಂಡು, ಅದು ಉರುಳದಂತೆ ಮತ್ತೆ ಕತ್ತ. ಎಲ್ಲ ಮುಗಿದ ಬಳಿಕ ಕುದುರೆಯನ್ನು ಅರ್ಧ ಎಳೆದು, ಅದರ ಕೆಳಗಿನ ಪುಟ್ಟ ಕೊಳವೆಗೆ ತಾಮ್ರದ ಕೇಪನ್ನು ತೊಡಿಸಬೇಕು. ಕುದುರೆ ಬಡಿದೊಡನೆ ಕೇಪು ಸಿಡಿದು ಕಿಡಿ ಒಳಗೆ ಧುಮುಕುತ್ತದೆ. ಈ ಸಿಡಿಯುವ ಲವಣದ ಉಪಾಯಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದವರು ಅಲೆಕ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಚಕಮಕಿ ಕೋವಿಯ ರಂಜಕದ ಮಿಂಚನ್ನು ಕಂಡು ಹಕ್ಕಿಗಳು ಗುಂಡಿಗೆ ಮೊದಲೇ ಹಾರಿಹೋಗುತ್ತಿದ್ದುವೆಂಬುದು ಅವರ ಸಂಕಟವಾಗಿತ್ತು! ತಾಮ್ರದ ಕೇಪು ಅವರ ಉಪಾಯದಿಂದ ಮುಂದೆ ಬೆಳೆದದ್ದು.

ನಾನು ಆಗಲೂ ಮರಳುಕಾಗದದ ಮಾತೆತ್ತಿದೆ. ವೃದ್ಧರು ನಕ್ಕರು. “ಮೇಷ್ಟ್ರೇ, ಈ ಕೆಂಪು ತುಕ್ಕು ರೋಗ, ಈ ಕಪ್ಪು ಬಣ್ಣ ವಯಸ್ಸು. ರೋಗಕ್ಕೆ ಮದ್ದು ಮಾಡೋಣ, ವಯಸ್ಸಿಗೆ ಯಾಕೆ?”

ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಸೂತ್ರವನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ. ಲಿಪಿಕಾರನ ದೋಷವನ್ನು ತಿದ್ದಬೇಕು, ಕವಿಯ ಹಳಮೆಯನ್ನು ತಿದ್ದಬಾರದು. ತಿದ್ದುವ ಮುನ್ನ ಒಳಗೆ ಏನಿದೆಯೆಂದು ಅಳೆದು ನೋಡಬೇಕು. ಹಳೆಯ ಮಾತು ಸತ್ತಿದೆಯೆಂದು ಭಾವಿಸಿ ಒಲೆಗೆ ಹಿಡಿಯಹೋಗುವ ಪಂಡಿತನಿಗೂ ಅಪಾಯ ತಪ್ಪಿದ್ದಲ್ಲ. ‘ಮದ್ದು’ ಎಂಬ ಮಾತನ್ನೇ ನೋಡಿ. ರೋಗ ಕಳೆಯುವುದೂ ಅದೇ, ಪ್ರಾಣ ಕಳೆಯುವುದೂ ಅದೇ. ಚೀಣೀಯರು ಕರಿಮದ್ದಿಗೆ ಇಟ್ಟ ಹೆಸರಿಗೂ ‘ಬೆಂಕಿಯ ಔಷಧ’ವೆಂದೇ ಅರ್ಥ. ಅಲ್ಲಿಯ ರಸವಾದಿಗಳು ಒಂಬತ್ತನೆಯ ಶತಮಾನದ ಹೊತ್ತಿಗೆ ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಈ ಬೆರಕೆಯನ್ನು ಕಂಡುಕೊಂಡರು. ಅವರ ಸಾಧನೆಯ ಗುರಿಯಾದರೋ ಚಿರಾಯುಸ್ಸಿನ ಔಷಧವಾಗಿತ್ತು.

ಇಂಥ ಹಳೆಯ ಕೋವಿಗಳ ಸಹವಾಸವನ್ನು ಹವ್ಯಾಸವಾಗಿ ಬೆಳೆಸಿಕೊಂಡವರು ಹೊರದೇಶಗಳಲ್ಲಿ ಬಹುಮಂದಿ ಇದ್ದಾರೆ. ಅಮೆರಿಕದಲ್ಲಿ ಅವರದೊಂದು ರಾಷ್ಟ್ರೀಯ ಸಂಘ 1933ರಲ್ಲಿಯೇ ಹುಟ್ಟಿತು. ಅದನ್ನು ಮಕ್ಕಳಾಟಿಕೆಯೆಂದು ನಾನೂ ಹಿಂದೆ ನಕ್ಕವನೇ. ಆದರೆ ವರ್ಜೀನಿಯದ ವಿಲಿಯಮ್ಸ್‌ಬರ್ಗಿನಲ್ಲಿ ವಾಲೆಸ್ ಗಸ್ಲರ್ ಎಂಬ ಕಮ್ಮಾರರು, ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಬಡಿದು ನಳಿಗೆಯಾಗಿ ಬೆಸೆಯುವುದರಿಂದ ತೊಡಗಿ, ಹದಿನೆಂಟನೆಯ ಶತಮಾನದ ಕೈಯುಪಕರಣಗಳಿಂದಲೇ ಇಡೀ ಕೋವಿಯೊಂದನ್ನು ಮಾಡಿ ತೋರಿಸಿದರು. 1969ರಲ್ಲಿ ಅದು ಚಲನಚಿತ್ರವಾಗಿ ದಾಖಲೆಗೊಂಡಿತು. ಮರೆಯುತ್ತಿದ್ದ ವಿದ್ಯೆಯೊಂದು ಆ ಕೈಗಳಲ್ಲಿ ಮತ್ತೆ ಉಸಿರಾಡಿತು. ಅದು ಆಟವಲ್ಲ, ಕೈಯಿಂದ ಮಾಡಿದ ಸಂಶೋಧನೆ.

ಅಹಿಂಸೆಯನ್ನು ಪರಮಧರ್ಮವೆಂದ ನಾಡಿನಲ್ಲಿ ಕೋವಿಯ ಸ್ತುತಿಯೇ ಎಂದು ಓದುಗರು ಹುಬ್ಬೇರಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ನಮ್ಮ ಕಾಡುಗಳನ್ನು ಬರಿದುಮಾಡಿದವುಗಳಲ್ಲಿ ಈ ಕೋವಿಗೂ ಪಾಲಿದೆ; ಕಳ್ಳತನದಲ್ಲಿ ಮಾಡಿದ ನಾಡಕೋವಿಗಳು ಸಿಡಿದು ಹಿಡಿದವನ ಕೈಯನ್ನೇ ತೆಗೆದದ್ದೂ ಉಂಟು. ಹೊಸ ಕೋವಿ ಮಾಡಿರೆಂದು ನಾನು ಹೇಳುತ್ತಿಲ್ಲ. ಮತ್ತೆ ಬೇಟೆಗೆ ಹೊರಡಿರೆಂದಂತೂ ಮೊದಲೇ ಅಲ್ಲ. ನಾನು ಬೇಡುವುದು ಇಷ್ಟೇ: ಆ ವೃದ್ಧರ ಅಂಗಡಿಯ ಬಾಗಿಲು ಮುಚ್ಚುವ ಮುನ್ನ ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ತಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೊಮ್ಮೆ ಕಳುಹಿಸಲಿ. ಒಬ್ಬೊಬ್ಬರು ಹತ್ತು ಹತ್ತು ಮಾತುಗಳನ್ನು, ಆ ಮಾತು ಮುಟ್ಟುವ ವಸ್ತುವಿನ ಚಿತ್ರದೊಡನೆ, ಬರೆದು ತರಲಿ. ಎಲ್ಲರ ಕಿಸೆಯಲ್ಲಿಯೂ ಇರುವ ಮೊಬೈಲು ಆ ಕೈಗಳ ಚಲನೆಯನ್ನೂ ಹಿಡಿದಿಡಲಿ. ಕೋವಿಯಂತೆಯೇ ಗಾಣ, ಏತ, ಮಗ್ಗ. ವಸ್ತು ಹೋದ ಮೇಲೆ ಮಾತು ಹೆಚ್ಚು ದಿನ ಬಾಳದು; ಮಾತು ಹೋದ ಮೇಲೆ ಕಾವ್ಯ ಕುರುಡಾಗುತ್ತದೆ.

ಈ ವರ್ಷ ಲಾವಣಿಯ ಪಾಠಕ್ಕೆ ಮುನ್ನ ಆ ಹುಡುಗನನ್ನು ಕರೆಸಿ, ಎಲ್ಲರೆದುರಿಗೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಈಡು ತುಂಬುವ ಕ್ರಮವನ್ನು ಕಪ್ಪುಹಲಗೆಯ ಮೇಲೆ ಒಂದೊಂದಾಗಿ ಬರೆದೆ. ಆ ಕಾಲದಲ್ಲಿ ಹಲಗಲಿಯವರೂ ಕುಂಪಣಿಯವರೂ ಬಾಯಿಯಿಂದಲೇ ತುಂಬುತ್ತಿದ್ದರೆಂದೂ, ನುರಿತ ಸಿಪಾಯಿಗೂ ನಿಮಿಷಕ್ಕೆ ಮೂರು ಈಡು ಹಾರಿಸುವುದು ದೊಡ್ಡ ಮಾತೆಂದೂ ಹೇಳಿದೆ. ಹುಡುಗ ಹಲಗೆಯನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದು, “ಹಾಗಾದರೆ ಸಾರ್, ಒಂದು ಈಡು ಹೊಡೆದ ಮೇಲೆ, ಇಷ್ಟನ್ನೂ ಮತ್ತೆ ಮಾಡುವವರೆಗೆ ಅವರು ಎದುರಿಗೆ ಸುಮ್ಮನೆ ನಿಂತಿರಬೇಕಾಗಿತ್ತೆ?” ಎಂದ.

ಯಾರೂ ಮಾತಾಡಲಿಲ್ಲ. ಹದಿನೈದು ವರ್ಷ ನಾನು ರಸಗಳ ಹೆಸರು ಹೇಳಿ ಕೊಡಲಾರದೆ ಹೋದದ್ದನ್ನು ಆ ಮೌನ ಕೊಟ್ಟಿತು. ನಾನು ಲಾವಣಿಯನ್ನು ಓದತೊಡಗಿದೆ.